ಮುಕ್ಕಾಲು ಸುತ್ತಿಗೆ

"ಮಸ್ತಾನಣ್ಣ, ಇದಕ್ಕ ಬಿಟ್ ಇಲ್ಲ ನನ್ನ ಡಬ್ಬಿಯಾಗ"
ತಿಪ್ಪೇಶ ಡ್ರಿಲ್ ಕೆಳಗಿಟ್ಟ.
ನಲವತ್ತೆಂಟು ಬಿಟ್ಟಿನ ಡಬ್ಬಿ ಅದು, ಕಂತಿನಲ್ಲಿ ತಂದದ್ದು.

ಬಾಗಿಲು ಹಳೇ ಹತ್ತಿಮಿಲ್ಲಿನ ಕ್ವಾರ್ಟರ್ಸಿನದು, ಸಾಗವಾನಿ,
ಮೇಲೆ ನೀಲಿ, ಅದರಡಿ ಹಸಿರು,
ಅದರಡಿ ಇಟ್ಟಿಗೆಪುಡಿಯ ಕೆಂಪು.
ಬಿಜಾಗರಿಯ ಸ್ಕ್ರೂ ತಲೆಗೆ ಒಂದೇ ಗೀರು,
ಗೀರಿನ ತುಂಬ ಬಣ್ಣ.
ಮೈನಸ್ಸಲೇ ಇದು, ಅಂದೆ.
ಅವನ ಲೆಕ್ಕದಲ್ಲಿ ಮೈನಸ್ಸೆಂದರೆ ಬ್ಯಾಂಕಿನ ಪುಸ್ತಕ. ನಕ್ಕ.

ಮೈನಸ್ಸಿಗೆ ಕೈ ಬೇಕು.
ಜಾರಿದರೆ ಮರಕ್ಕೊಂದು ಗೀರು, ಹೆಬ್ಬೆರಳಿಗೊಂದು.
ನನ್ನದು ಇಲ್ಲಿದೆ, ನೋಡಿ.
ಮಾನಾಚಾರಿ ಕಲಿಸಿದ್ದು: ಕೊನೆಗೆ
ಗೀರುಗಳೆಲ್ಲ ನೆಟ್ಟಗೆ ನಿಲ್ಲಬೇಕು, ಆರಕ್ಕಾರೂ.
"ಧೂಳು ಕೂರಂಗಿಲ್ಲ, ನೀರು ಇಳಿದು ಹೋಗ್ತತಿ."
ಅಷ್ಟೇ ಕಾರಣವಲ್ಲ ಅಂತ ಅವರ ಮುಖ ಹೇಳುತ್ತಿತ್ತು.

ಆಮೇಲೆ ಪ್ಲಸ್ಸು ಬಂತು,
ಮಂಡಿಪೇಟೆಯ ಭಬೂತಮಲ್ಲರ ಅಂಗಡಿಗೆ,
ತಕ್ಕಡಿಯಲ್ಲಿ ತೂಗಿ ಕಾಗದದ ಪೊಟ್ಟಣದಲ್ಲಿ.
ನಡುವೆ ತಾನೇ ಹೋಗಿ ಕೂರುತ್ತದೆ, ಒಪ್ಪಿದೆ.
ಆದರೆ ಹೊನ್ನೆಮರ ಸಿಕ್ಕರೆ
ಒತ್ತಿದಷ್ಟೂ ಎದ್ದು ಬರುತ್ತದೆ,
ಟರ್ರ್ ಅಂತ ತಲೆಯಲ್ಲೊಂದು ಗುಂಡಿ ತೋಡಿ.
ಆಗ ಸೈಕಲ್ ಟ್ಯೂಬಿನ ತುಂಡಿಟ್ಟು ಬಿಚ್ಚಬೇಕು,
ಅದೂ ದೇವರು ಮನಸ್ಸು ಮಾಡಿದರೆ.

ದಾವಣಗೆರೆ ಪೂರ್ತಿ ಅದನ್ನೇ ಸ್ಟಾರ್ ಅಂತ ಕರೆಯಿತು.
ನಾಲ್ಕೇ ಮೂಲೆ. ಯಾರೂ ಎಣಿಸಲಿಲ್ಲ.
ಆರು ಮೂಲೆಯ ನಿಜವಾದ ನಕ್ಷತ್ರ ಬರುವಷ್ಟರಲ್ಲಿ
ಹೆಸರು ಖರ್ಚಾಗಿತ್ತು.
ಈಗ "ಆ ಇನ್ನೊಂದು ಸ್ಟಾರ್ ಕೊಡ್ರಿ" ಅಂತ ಕೇಳುತ್ತೇವೆ,
ಭಬೂತಮಲ್ಲರ ಮೊಮ್ಮಗ ಇದಾ, ಇದಾ ಅಂತ ಡಬ್ಬಿ ಬಡಿಯುತ್ತಾನೆ.

ಚೌಕದ್ದೂ ಒಂದು ಕಂಡಿದ್ದೇನೆ,
ಯಾರದೋ ಫಾರಿನ್ ಮಂಚದ ಪೆಟ್ಟಿಗೆಯೊಳಗೆ.
ತಲೆಕೆಳಗು ಹಿಡಿದರೂ ಬಿಟ್ ಬಿಟ್ಟು ಬೀಳದು.
ಜೇಬಿಗೆ ಹಾಕಿಕೊಂಡೆ. ಕಳ್ಳತನವೇ.

ಆರು ಮೂಲೆಯದು ಒಳ್ಳೆಯದು, ಸುಳ್ಳು ಹೇಳಲಾರೆ.
ಏಣಿಯ ಮೇಲೆ ಒಂದೇ ಕೈಯಲ್ಲಿ
ಅಟ್ಟದ ತೊಲೆಗೆ ಬಿಗಿದರೂ ಜಾರುವುದಿಲ್ಲ.
ಐವತ್ತೆರಡರ ಈ ಮಣಿಕಟ್ಟಿಗೆ
ಅದು ಮಾಡಿದ ಉಪಕಾರವನ್ನು ಯಾವ ಎಣ್ಣೆಯೂ ಮಾಡಿಲ್ಲ.

ಆದರೂ ಈ ಬಾಗಿಲು.
ಇದು ಮಾನಾಚಾರಿಯವರದು. ನನಗೆ ಗೊತ್ತು,
ಇನ್ನೊಂದು ತುದಿ ಹಿಡಿದುಕೊಂಡಿದ್ದವನು ನಾನೇ, ಹದಿಮೂರರ ಹುಡುಗ.
ಉಳಿಯ ಮೂಲೆಯಿಂದ ಬಣ್ಣ ಕೆರೆದಂತೆ ಗೀರು ಎದ್ದು ಬಂತು,
ನೆಟ್ಟಗೆ, ನೆಟ್ಟಗೆ, ನೆಟ್ಟಗೆ.
ನೋಡಲೇ, ಅಂದೆ. ತಿಪ್ಪೇಶ ಫೋಟೋ ತೆಗೆದ.

ಕಾದ ಕಬ್ಬಿಣ ತಾಗಿಸಿ, ತುಸು ತಡೆದು, ತಿರುಗಿಸಿದೆ.
ಒಂದು ಸುತ್ತು. ಎರಡು.
ಆಮೇಲೆ ಕೈಗೇ ಬಂತು, ಹಾಲುಹಲ್ಲಿನ ಹಾಗೆ.
ಮೊಬೈಲ್ ಬೆಳಕು ಬಿಟ್ಟೆ ತೂತಿನೊಳಕ್ಕೆ:
ಉದ್ದಕ್ಕೂ ಸೀಳಿ ಮಲಗಿದ ಎಳೆಗಳು,
ಸುರುಳಿಯ ಗುರುತು ತಳದಲ್ಲಿ ಮಾತ್ರ.
ಸುತ್ತಿಗೆಯಲ್ಲಿ ಮುಕ್ಕಾಲು ಹೊಡೆದು
ಕಡೆಗೆರಡು ಸುತ್ತು ಕೊಟ್ಟು
ಗೀರು ನೆಟ್ಟಗೆ ನಿಲ್ಲಿಸಿದ್ದರು.

ಆರಕ್ಕಾರೂ ಹಾಗೇ. ಮುಂದಿನ ಬಿಜಾಗರಿಯೂ.
ನಾನೊಮ್ಮೆ ಸ್ಕ್ರೂ ಮೇಲೆ ಸುತ್ತಿಗೆ ಎತ್ತಿದ್ದಕ್ಕೆ
ಮಧ್ಯಾಹ್ನದ ಮಂಡಕ್ಕಿ ಕೊಡದೆ ಕೂರಿಸಿದವರು!

ಆ ತಿಂಗಳು ಎಂಬತ್ತು ಬಾಗಿಲು,
ಬಾಗಿಲಿಗೆ ಹದಿನೆಂಟು ಸ್ಕ್ರೂ.
ನಾನು ಮನೆಗೆ ಹೋಗಿ ಮಲಗಿದ ಮೇಲೂ
ಕ್ವಾರ್ಟರ್ಸಿನ ಕಡೆಯಿಂದ ಠಕ್ ಠಕ್.
ಯಾರೋ ಗೂಟ ಹೊಡೆಯುತ್ತಿದ್ದಾರೆ ಅಂದುಕೊಂಡಿದ್ದೆ.
ಬೆಳಿಗ್ಗೆ ಟೀ ಲೋಟ
ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು.

ತೂತುಗಳಿಗೆ ಬಿದಿರುಕಡ್ಡಿ ತುಂಬಿ ಫೆವಿಕಾಲ್ ಸುರಿದೆ.
ಒಣಗಲಿ, ನಾಳೆ ಆರು ಮೂಲೆಯದನ್ನೇ ಹಾಕೋಣ.
ತಿಪ್ಪೇಶ ಕೇಳಿದ: ಫೋಟೋ ಸ್ಟೇಟಸ್ಸಿಗೆ ಹಾಕಲಾ,
ನಿಮ್ಮ ಗುರುಗಳ ಕೆಲಸ ಅಂತ?
ಹಾಕು, ಅಂದೆ.
ತಲೆಯ ಕಡೆಯಿಂದ ತೆಗೆದದ್ದು ಅದು.