ಲೆಕ್ಕಕ್ಕಿಲ್ಲದ ರೀಲು

ಕೌಲ್ ಬಜಾರಿನ ಮಹಡಿ ಮೇಲೆ ಹನ್ನೊಂದು ಮಿಷನ್ನು,
ಸೊಂಟದೆತ್ತರ ಜೀನ್ಸಿನ ರಾಶಿ.
ಕರೆಂಟು ಹೋದರೆ ಸಾಕು
ಮಕರಂದ ಬರುತ್ತಾನೆ.

ಏಜೆಂಟ್ ಮಕರಂದ. ಬಿಳಿ ಕೋಟು, ಬೆಂಕಿಪೊಟ್ಟಣದಲ್ಲಿ ಕ್ಯಾಮೆರಾ,
ಒಟ್ಟು ಆರು ಚಿತ್ರ.
ಐದೇ, ಅನ್ನುತ್ತಾನೆ ಝಿಪ್ಪು ಹಚ್ಚುವ ಗಾದಿಲಿಂಗ.
"ನಾಕನೇದು ಬ್ಯಾರೆ ಕಂಪನೀದು, ಬ್ಯಾರೆ ಹೀರೋ,
ಎಡಗೈಲಿ ಪಿಸ್ತೂಲು ಹಿಡಿತಾನ.
ಅದು ಲೆಕ್ಕಕ್ಕಿಲ್ಲ."
"ಹೆಸರು ಅದೇ ಐತಲ್ಲಪ," ಖಾಜಾಬನಿ ಹಲ್ಲಲ್ಲಿ ದಾರ ಕಡಿದಳು.
"ನನ್ನ ಹೆಸರಿನವರು ಈ ಊರಾಗ ಇನ್ನೂರು ಮಂದಿ ಅದಾರ,
ನನ್ನ ಪಗಾರ ಅವರಿಗೂ ಹಂಚ್ತೀಯೇನು?"

ಕಟಿಂಗ್ ಮಾಸ್ತರ್ ಮೌನೇಶಾಚಾರಿಗೆ ಪುಸ್ತಕವೇ ಪ್ರಮಾಣ.
ನಾಲ್ಕಾಣೆಯ ಹಾಡಿನ ಪುಸ್ತಕ, ಟ್ರಂಕಿನಲ್ಲಿ ಆರೂ ಇವೆ,
ಅದರಲ್ಲಿದ್ದದ್ದೇ ಕತೆ, ಇಲ್ಲದ್ದು ಗಾಳಿ.
ಆದರೆ ಪ್ರತಿ ಪುಸ್ತಕದ ಕೊನೆಗೂ ಮೂರು ಚುಕ್ಕಿ:
ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರಿ.

ಮೂರನೇದರಲ್ಲಿ ರೇವತಿ ಸತ್ತಳು,
ಅದಕ್ಕೆ ಮಾತ್ರ ಯಾರದೂ ತಕರಾರಿಲ್ಲ.
ಹಗ್ಗದ ಸೇತುವೆ, ಜಾರಿದ ಕೈ,
ಹಲಗೆಯ ಮೇಲೆ ಉಳಿದ ಒಂದು ಚಪ್ಪಲಿ.
ಗಾದಿಲಿಂಗ ಇವತ್ತಿಗೂ ಅಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾನೆ.

ನಾನು ತುಟಿಯಲ್ಲಿ ಗುಂಡುಸೂಜಿ ಕಚ್ಚಿ ಸುಮ್ಮನಿದ್ದೆ.

ಸಿರುಗುಪ್ಪದ ಟೆಂಟಿನಲ್ಲಿ ಮಿಷನ್ ತಿರುಗಿಸುತ್ತಿದ್ದವನು ನಮ್ಮಪ್ಪ.
ತೆಕ್ಕಲಕೋಟೆಯ ಕಡೇ ಬಸ್ಸು ಹನ್ನೆರಡೂವರೆಗೆ,
ಜನ ಓಡುವ ಮೊದಲೇ ಶುಭಂ ತೋರಿಸಬೇಕು.
ಹನ್ನೆರಡನೇ ರೀಲು ಡಬ್ಬಿಯಲ್ಲೇ ಉಳಿಯುತ್ತಿತ್ತು.
ಹದಿನೆಂಟು ದಿನ ಓಡಿದ ಚಿತ್ರದಲ್ಲಿ
ರೇವತಿ ಒಂದು ದಿನವೂ ಸಾಯಲಿಲ್ಲ.

ಆಮೇಲೆ ಐದನೇದು ಬಂತು,
ಮಕರಂದ ಅವಳ ಫೋಟೋಕ್ಕೆ ಹಾರ ಹಾಕಿ ನಿಂತ.
ಟೆಂಟಿಗೆ ಟೆಂಟೇ ಗದ್ದಲ:
"ಬದುಕಿದಾಕಿಗೆ ಹಾರ ಯಾಕಲೇ?"
ನೆಲದ ಕ್ಲಾಸಿನಿಂದ ಯಾವನೋ ಕೂಗಿದ,
"ವೈರಿಗಳ ಕಣ್ಣಿಗೆ ಮಣ್ಣು! ಎಲ್ಲೋ ಅಡಗ್ಯಾಳ!"
ಅಷ್ಟೇ. ಊರು ಒಪ್ಪಿಕೊಂಡಿತು. ಸೀಟಿ ಬಿತ್ತು.
ಅಪ್ಪ ಕಿಂಡಿಯಿಂದ ಇಣುಕಿ
ಬೀಡಿ ಹಚ್ಚಿದ್ದು ನನಗೆ ನೆನಪಿದೆ.

ಕರೆಂಟು ಬಂತು. ಹನ್ನೊಂದೂ ಮಿಷನ್ನು ಒಟ್ಟಿಗೆ ಬಾಯಿ ತೆರೆದವು.
ಐದೋ ಆರೋ ಇನ್ನೂ ತೀರ್ಮಾನವಾಗಿಲ್ಲ.
ಹೇಳಿದರೆ ಮಾಸ್ತರು ಕೇಳುತ್ತಾರೆ, ಯಾವ ಪುಸ್ತಕದಾಗ ಐತಿ?

ಒಂದು ಸಲ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ
ಕಪ್ಪು ಕನ್ನಡಕದ ಹೆಂಗಸೊಬ್ಬಳು ಮೂಸಂಬಿ ಆರಿಸುತ್ತಿದ್ದಳು.
ಅವ್ವ ನನ್ನ ಮೊಣಕೈ ಚಿವುಟಿದಳು.
"ಆ ಕಡೆ ನೋಡಬ್ಯಾಡ," ಅಂದಳು,
"ಗುರುತು ಹಿಡಿದೀವಂತ ಗೊತ್ತಾದೀತು."