ಎರಡನೇ ಗೆರೆ

ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ
ಮೆಟ್ಟಿಲ ಕೆಳಗೆ ನಮ್ಮ ಲ್ಯಾಬು.
ಫ್ರಿಜ್ಜು, ಸೆಂಟ್ರಿಫ್ಯೂಜು, ಒಂದು ಕುಂಟು ಸ್ಟೂಲು, ನಾನು.
ಮೊದಲ ಗೆರೆ ಎಲ್ಲರ ರಕ್ತಕ್ಕೂ ಮೂಡುತ್ತದೆ,
ಪಟ್ಟಿ ಕೆಟ್ಟಿಲ್ಲ ಅನ್ನುವುದಷ್ಟೇ ಅದರ ಮಾತು.
ಎರಡನೆಯದು ಬರಬಾರದು.

ಗುತ್ಯಮ್ಮನದು ಬಂತು.
ಮಸುಕಾಗಿ ಅಲ್ಲ, ಕಡ್ಡಿಯಲ್ಲಿ ಕುಂಕುಮ ಎಳೆದ ಹಾಗೆ.
ಆರು ತಿಂಗಳ ಬಸುರಿ, ಸೊರಬದ ಕಡೆಯವಳು,
ಬೇಸಿಗೆಯಲ್ಲಿ ಅರಣ್ಯ ಇಲಾಖೆಯ ದಿನಗೂಲಿ.
"ಕಾಮಾಲೆ ಆಗಿತ್ತಾ?" "ಇಲ್ಲ."
"ರಕ್ತ ಹಾಕಿಸಿದ್ದುಂಟಾ?" "ಇಲ್ಲ."
"ನಿಮ್ಮಮ್ಮ?"
"ಹೊಟ್ಟೇಲಿ ನೀರು ತುಂಬಿ ಹೋದ್ಲು. ನಲವತ್ತಾರಕ್ಕೆ."
ಹೇಳುತ್ತ ಹೇಳುತ್ತ
ತನ್ನ ಹೊಟ್ಟೆಯ ಮೇಲಿದ್ದ ಕೈ ತೆಗೆದಳು.

ಇದೆಲ್ಲ ಡಾಕ್ಟರು ಹೇಳಬೇಕು, ನಾನಲ್ಲ.
ಡಾಕ್ಟರು ಆವತ್ತು ಸಾಗರದಲ್ಲಿ. ಅವಳ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ.
ಹೇಳಿದೆ:

ಈ ವೈರಸ್ಸು ಕಚ್ಚುವುದಿಲ್ಲ.
ಲಿವರಿನ ಒಳಕೋಣೆಗೆ ಬಂದು, ಬಾಡಿಗೆ ಕೊಡದೆ,
ತನ್ನದೇ ಪ್ರತಿ ಬರೆಯುತ್ತ ಕೂರುತ್ತದೆ.
ಗೋಡೆ ಕೆಡವುವವರು ನಮ್ಮವರೇ,
ರಕ್ತದಲ್ಲಿ ಗಸ್ತು ತಿರುಗುವ ಬಿಳಿಯ ಕೋಶಗಳು.
ಬಾಗಿಲಿಗೆ ಸಿಕ್ಕಿಕೊಂಡ ಅವನ ಬಟ್ಟೆಯ ಚೂರು ನೋಡಿ
ಒಳಗೆ ಯಾರೆಂದು ತಿಳಿದು
ಬಾಡಿಗೆಯವನ ಜತೆ ಮನೆಯನ್ನೂ ಸುಡುತ್ತಾರೆ.
ಕಣ್ಣು ಹಳದಿಯಾಗುವುದು ಆ ಬೆಂಕಿಗೆ.
ದೊಡ್ಡವರಾದ ಮೇಲೆ ತಗುಲಿದರೆ ಹೆಚ್ಚಾಗಿ ಹೀಗೇ:
ಕೆಲವು ತಿಂಗಳ ಉರಿ, ಆಮೇಲೆ ಚಿಗುರು.

ಹುಟ್ಟುವಾಗಲೇ ಬಂದರೆ
ಕೂಸಿನ ಕಾವಲಿನವರಿಗೆ ಅದಿನ್ನೂ ಮುಖಪರಿಚಯದ ಕಾಲ,
ತೊಟ್ಟಿಲಲ್ಲಿ ಕಂಡವನನ್ನು ನಂಟನೆಂದುಕೊಳ್ಳುತ್ತಾರೆ.
ಇಪ್ಪತ್ತು ವರ್ಷ. ಮೂವತ್ತು.
ಯಾವಾಗಲೋ ಅನುಮಾನ ಬಂದು
ಅರೆಮನಸ್ಸಿನಲ್ಲಿ ಕಡ್ಡಿ ಗೀರುತ್ತಾರೆ.
ಪೂರ್ತಿ ಉರಿಸುವುದೂ ಇಲ್ಲ, ಆರಿಸುವುದೂ ಇಲ್ಲ.
ಹೊಗೆ, ಮಸಿ, ಗಾಯದ ಮೇಲೆ ಗಾಯ.
ಕೈಸೋತು ಕೊನೆಗೆ
ಕಣ್ಣು ತೆರೆದೇ ನಿದ್ದೆ ಹೋಗುತ್ತಾರೆ.

ಅವಳು ಚಪ್ಪಲಿಯ ತುದಿಯಿಂದ ನೆಲಕ್ಕೊಂದು ಗೆರೆ ಎಳೆದಳು.
"ನಾವೂ ಬೆಂಕಿ ಹಚ್ತೀವಲ್ಲ ಮೇಡಂ.
ಕಾಡಿಗೆ ಬೀಳೋ ಮುಂಚೆ, ಜನವರೀಲಿ,
ಇಬ್ಬನಿ ಆರದ ಹೊತ್ತಲ್ಲಿ ದರಗು ಸುಟ್ಟು ಗೆರೆ ಮಾಡ್ತೀವಿ.
ಎಲ್ಲಿ ನಿಲ್ಬೇಕು, ಯಾವಾಗ ಸೊಪ್ಪಲ್ಲಿ ಬಡೀಬೇಕು
ಗೊತ್ತಿಲ್ದೋನು ಹಚ್ಚಿದ್ರೆ ಗುಡ್ಡಾನೇ ಹೋಯ್ತು.
ಮತ್ತೆ ಮೂರು ತಿಂಗಳು ಕೂಲಿ ಆಗ್ದಿದ್ರೆ
ನಾವೂ ಹಂಗೇ. ಕಣ್ಬಿಟ್ಕಂಡು ನಿದ್ದೆ."
ನಕ್ಕಳು. ಆಮೇಲೆ ಕೇಳಿದಳು,
"ಇದಕ್ಕೆ?"
ಕೈ ಮತ್ತೆ ಹೊಟ್ಟೆಯ ಮೇಲಿತ್ತು.

ಹೆರಿಗೆ ದೊಡ್ಡಾಸ್ಪತ್ರೆಯಲ್ಲಿ,
ಬೆಳಗಿನ ಜಾವ ಮೂರೂ ಇಪ್ಪತ್ತಕ್ಕೆ. ಹೆಣ್ಣು.
ಒಂದು ತೊಡೆಗೆ
ಯಾರದೋ ರಕ್ತದಿಂದ ಎರವಲು ತಂದ ಪಹರೆ.
ಇನ್ನೊಂದಕ್ಕೆ ಪಾಠ:
ವೈರಸ್ಸಿನ ಅಂಗಿ ಮಾತ್ರ, ಒಳಗೆ ಅವನಿಲ್ಲ.
ಈ ಅಂಗಿ ತೊಟ್ಟವನು ನಂಟನಲ್ಲ ಮಗೂ, ನೆನಪಿಟ್ಟುಕೋ.
ಸಿಸ್ಟರ್ ಎಸ್ತೇರಮ್ಮ ಫೋನು ಮಾಡಿ ಅಂದರು,
"ಐದು ಗಂಟೆಯೊಳಗೆ ಎರಡೂ ಆಯ್ತು ಮಾರಾಯ್ತಿ.
ಕಿರುಚಿದ ರಭಸಕ್ಕೆ ಪಕ್ಕದ ವಾರ್ಡೂ ಎದ್ದು ಕೂತಿತ್ತು."

ನನ್ನೊಳಗೂ ಇದ್ದಾರೆ ಅಂಥವರು.
ಕೆಲಸಕ್ಕೆ ಸೇರುವಾಗ ಮೂರು ಸಲ ಚುಚ್ಚಿಸಿಕೊಂಡಿದ್ದೆ.
ಎಂದೂ ಕಾಣದವನ ಅಂಗಿಯ ಬಣ್ಣ ಮರೆಯದೆ
ಮೂಳೆಯ ಮಜ್ಜೆಯಲ್ಲಿ ಕೂತವರು.
ಹೋದ ವರ್ಷ ಸೂಜಿ ಜಾರಿ ಬೆರಳಿಗೆ ತಾಗಿದ ರಾತ್ರಿ
ನಲ್ಲಿಯ ಕೆಳಗೆ ಕೈಯಿಟ್ಟು ನಿಂತು
ಹೆಸರು ಹಿಡಿದು ಕರೆಯಬೇಕೆನಿಸಿತ್ತು ಅವರನ್ನು.
ಹೆಸರು ಗೊತ್ತಿಲ್ಲ.

ಕೂಸಿಗೀಗ ಹತ್ತನೇ ತಿಂಗಳು.
ನರ ಹುಡುಕುವಷ್ಟರಲ್ಲಿ ನನ್ನ ಕನ್ನಡಕ ಕಿತ್ತಳು.
ಹದಿನೈದು ನಿಮಿಷ ಕಾದೆ. ಸುಮ್ಮನೆ ಇನ್ನೈದು ಕಾದೆ.
ಒಂದೇ ಗೆರೆ.
ಗುತ್ಯಮ್ಮ ಅದನ್ನು ನೋಡಿದಳು, ಕೂಸಿನ ಮೂಗು ಒರೆಸಿದಳು,
ತನ್ನ ತೋಳು ಚಾಚಿದಳು.
ಅವಳದು ಆರು ತಿಂಗಳಿಗೊಮ್ಮೆ.

ಸಂಜೆ ರಿಪೋರ್ಟಿಗೆ ಬಂದವಳು ಕೇಳಿದ್ದು
ಊರ ಕಡೆಯವರನ್ನು ವಿಚಾರಿಸಿದ ಹಾಗೆ:
"ನಮ್ಮೋರು ಎದ್ದಿದಾರಾ?"
"ಎಸ್‌ಜಿಪಿಟಿ ಇಪ್ಪತ್ತೆಂಟು. ಇನ್ನೂ ಮಲಗಿದ್ದಾರೆ."
"ಮಲಗ್ಲಿ ಬಿಡಿ,"
ಕೂಸನ್ನು ಸೊಂಟಕ್ಕೇರಿಸಿ ಮೆಟ್ಟಿಲಿಗೆ ತಿರುಗಿದಳು,
"ನೀವು ಎದ್ದಿರಿ."