ಒಂದನೇ ಪ್ಲಾಟ್‌ಫಾರಂ, ಹಳದಿ ಟೈಲು

ಅಂತೋಣಿ ಮೇಸ್ತ್ರಿ ಮೊಣಕಾಲೂರಿ
ಹಳದಿ ಟೈಲು ಕೂರಿಸುತ್ತಿದ್ದ
ಅರಸೀಕೆರೆ ಜಂಕ್ಷನ್ನಿನಲ್ಲಿ.
ಉದ್ದ ಗೀರಿನವು ಕೆಲವು, ಗುಳ್ಳೆ ಗುಳ್ಳೆಯವು ಕೆಲವು,
ಡಬ್ಬದಿಂದ ಕೈಗೆ ಸಿಕ್ಕ ಹಾಗೆ.
'ಕಾಲು ಜಾರ್ದಿರ್ಲಿ ಅಂತ ಕಣಣ್ಣಾ, ಡಿಸೈನು' ಅಂದ.

ನನಗೆ ಗೊತ್ತಿತ್ತು ಅದು ಡಿಸೈನಲ್ಲ.
ಹಾಸನದ ಗಾಡಿ ಇನ್ನೂ ಬಂದಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ನಗೋಯ.
ಬೇರಿಂಗಿನ ಹೊಸ ಮಿಷನ್ನು ಕಲಿತು ಬಾ ಅಂತ
ಕಂಪನಿ ಕಳಿಸಿತ್ತು, ಆರು ವಾರ.
ಮೂರನೇ ಭಾನುವಾರ ರೈಲಿಳಿದು ನೆಲದಡಿ ದಾರಿ ತಪ್ಪಿದೆ.
ಮೂರು ಅಂತಸ್ತು ಕೆಳಗೆ.
ನಮ್ಮ ಕಡೆ ಅಷ್ಟು ತೋಡಿದ್ದರೆ
ಒಂದೋ ನೀರು ಬರಬೇಕು, ಇಲ್ಲಾ ಜಗಳ.
ಅಲ್ಲಿ ಬ್ರೆಡ್ಡಂಗಡಿ, ಹೂವಿನಂಗಡಿ,
ಮಳೆಯೇ ಬೀಳದ ಕಡೆ ಛತ್ರಿಯದೇ ಒಂದಂಗಡಿ.
ಮೇಲಕ್ಕೆ ಇಪ್ಪತ್ತೆರಡು ಬಾಗಿಲು. ನನ್ನದು ಏಳು.
ಹದಿನಾಲ್ಕರಿಂದ ಹದಿನೈದಕ್ಕೆ, ತಿರುಗಿ ಹದಿನಾಲ್ಕಕ್ಕೆ
ಗಾಣದೆತ್ತಿನ ಹಾಗೆ ಸುತ್ತಿ
ಛತ್ರಿಯಂಗಡಿಯ ಅದೇ ಹುಡುಗಿ
ನಾಲ್ಕನೇ ಸಲ ಬಾಗಿ ನಮಸ್ಕರಿಸಿದಾಗ
ಅಳು ಬಂತು. ನಲವತ್ತೊಂದು ವಯಸ್ಸು ನನಗಾಗ.

ಆಗ ಹಕ್ಕಿ ಕೂಗಿತು.
ನಿಜ. ಒಂದು ಎಲೆಯೂ ಇಲ್ಲದ ಕಾಂಕ್ರೀಟಿನೊಳಗೆ
ಪೀಯೊ ಪೀಯೊ.
ತಲೆಯೆತ್ತಿ ಹುಡುಕಿದೆ. ಸ್ಪೀಕರ್ರು.

ಬಿಳಿ ಕೋಲಿನ ಮುದುಕನೊಬ್ಬ ಬಂದ,
ಹಳಿ ಬಿಡದ ಬೋಗಿಯಂತೆ ಹಳದಿ ಗೀರಿನ ಮೇಲೆ.
'ಸೆವೆನ್' ಅಂದೆ. ಏಳು ಬೆರಳೂ ತೋರಿಸಿದೆ,
ತೋರಿಸಿದ ಮೇಲೆ ನಾಚಿಕೆಯಾಯಿತು.
ಅವನು ತಡವಿ ನನ್ನ ಕೈ ಹಿಡಿದು
ತನ್ನ ಮೊಣಕೈಯ ಮೇಲೆ ಇಟ್ಟುಕೊಂಡ.
ಗೀರು ಅಂದರೆ ನಡೆ, ಗುಳ್ಳೆ ಅಂದರೆ ನಿಲ್ಲು.
ಬಾಯಿಬಿಟ್ಟು ಹೇಳಲಿಲ್ಲ ಅವನು,
ಶೂಸು ದಾಟಿ ಅಂಗಾಲಿಗೆ ತಿಳಿಯಿತು.
ಹಕ್ಕಿ ಕೂಗುವಲ್ಲಿ ಮೆಟ್ಟಿಲು.
ಐವತ್ತಾರು. ಮೇಲೆ ಬಿಸಿಲು.
ತಿರುಗುವುದರೊಳಗೆ ಇಳಿದುಹೋಗಿದ್ದ,
ಅವನಿಗೆ ಬೇಕಿದ್ದ ಬಾಗಿಲು ಯಾವುದಿತ್ತೋ.

ಇಷ್ಟನ್ನೂ ಅಂತೋಣಿಗೆ ಹೇಳಿದೆ.
ಕರಣೆ ಕೆಳಗಿಟ್ಟು ಕೇಳಿದ.
'ಹಂಗಾದ್ರೆ ಕೀಳ್ಬೇಕಾ?'
ಸಿಮೆಂಟು ಇನ್ನೂ ಹಸಿ. ಕಂಟ್ರಾಕ್ಟರು ಊಟಕ್ಕೆ ಹೋಗಿದ್ದ.

ಅಷ್ಟರಲ್ಲಿ ಪಂಚಾಕ್ಷರಿ, ಕಂಕುಳಲ್ಲಿ ಕಳ್ಳೇಕಾಯಿ ಬುಟ್ಟಿ.
ಹುಟ್ಟಿನಿಂದ ಕಣ್ಣಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ
ಈ ಜಂಕ್ಷನ್ನಿನ ಒಂದು ಕಂಬಕ್ಕೂ ಡಿಕ್ಕಿ ಹೊಡೆದವನಲ್ಲ.
'ಹೊಸ ಗಾರೆ. ಹಳೇ ಬೀಡಿ. ಅಂತೋಣಿ ತಾನೆ?'
ಚಪ್ಪಲಿ ಬಿಡಿಸಿ ಗೀರಿನ ಮೇಲೆ ನಿಲ್ಲಿಸಿದೆವು.
ನಡೆದ. ಹನ್ನೆರಡು ಹೆಜ್ಜೆ. ಗುಳ್ಳೆ. ನಿಂತ.
ಕೈ ಚಾಚಿದ. ಗೋಡೆ.
ಗಂಡಸರ ಮೂತ್ರಾಲಯ.
'ಇಲ್ಲೀಗ್ ಬರೋಕೆ ಟೈಲೇ ಬೇಕಾ ಸಾರ್,
ಮೂಗು ಸಾಲ್ದಾ?'

ನಕ್ಕೆವು ಮೂವರೂ. ಆಮೇಲೆ ಅವನೇ ಹೇಳಿದ:
ನಲ್ಲಿ ತೊಟ್ಟಿಕ್ಕುವುದು ಎಡಕ್ಕೆ,
ವಡೆಯ ಬಾಣಲೆ ಬಲಕ್ಕೆ, ಎಣ್ಣೆ ಕಮಟಿದರೆ ಮಧ್ಯಾಹ್ನ.
ಕೊಬ್ಬರಿ ಮೂಟೆಯ ಘಾಟು ಬಂದರೆ ಗೂಡ್ಸ್ ಶೆಡ್ಡು,
ಅಲ್ಲಿಂದಾಚೆ ಹೋಗಬಾರದು.
ಗೊರವಂಕದ ಗೂಡಿರುವ ಕಡೆ ಮೇಲುಸೇತುವೆಯ ಮೆಟ್ಟಿಲು.
'ಹೋದ್ ವರ್ಷ ಪೇಂಟ್ನೋರು ಗೂಡು ಕಿತ್ತೆಸುದ್ರು.
ಎಲ್ಡು ತಿಂಗ್ಳು ಆಚೆ ಪ್ಲಾಟ್‌ಫಾರಮ್ಮಿಗೆ
ಹೋಗ್ನಿಲ್ಲ ನಾನು' ಅಂದ,
ದರ ಹೇಳುವ ದನಿಯಲ್ಲಿ.

ಅಂತೋಣಿ ನಗು ನಿಲ್ಲಿಸಿ
ಟೈಲಿನ ಸಂದಿಗೆ ಉಳಿ ಕೊಟ್ಟ.

ಗಾಡಿ ಬಂತು. ಹತ್ತಿದೆ.
ಕಿಟಕಿಯಾಚೆ ಮೇಸ್ತ್ರಿ, ಗುಳ್ಳೆಯದೊಂದು ಟೈಲನ್ನು
ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ
ಹೆಬ್ಬೆರಳಾಡಿಸುತ್ತಿದ್ದ.
ಪಕ್ಕದ ಬೋಗಿಯಲ್ಲಿ ಕಳ್ಳೇಕಾಯಿ ಕಳ್ಳೇಕಾಯಿ.
ಅವನ ಚಪ್ಪಲಿ ಅಲ್ಲೇ, ಹಸಿ ಸಿಮೆಂಟಿನ ಹತ್ತಿರ.